ಓದುವುದೂ ಒಗಟು ಬಿಡಿಸುವುದೂ: ಇಂಗ್ಲಿಷಿನ ‘ರೀಡ್’ ಶಬ್ದದ ವಿಚಾರ

ಅಪರೂಪದ ಶಬ್ದವೊಂದು ಎದುರಾದಾಗ ನಾವು ನಿಘಂಟನ್ನು ತೆರೆಯುತ್ತೇವೆ. ದಿನವೂ ಬಾಯಲ್ಲಿ ಆಡುವ ಶಬ್ದಕ್ಕಾಗಿ ಯಾರೂ ತೆರೆಯುವುದಿಲ್ಲ. ಆದಕಾರಣ ಒಂದು ಭಾಷೆಯ ಅತಿ ಪರಿಚಿತವಾದ ಮಾತುಗಳ ಚರಿತ್ರೆಯೇ ಬಹುಮಟ್ಟಿಗೆ ಅಪರಿಚಿತವಾಗಿ ಉಳಿಯುತ್ತದೆ. ಇಂಗ್ಲಿಷಿನ ‘ರೀಡ್’ ಎಂಬ ಕ್ರಿಯಾಪದ ಈ ಜಾತಿಯದು. ಇಂಗ್ಲಿಷ್ ಕಲಿಯತೊಡಗಿದ ನಮ್ಮ ಬಾಲಕರು ಮೊದಲ ಕೆಲವು ಪಾಠಗಳಲ್ಲಿಯೇ ಇದನ್ನು ಕಲಿಯುತ್ತಾರೆ. ‘ರೀಡ್ ಎಂದರೆ ಓದು’ ಎಂದು ಉಪಾಧ್ಯಾಯರು ಹೇಳುತ್ತಾರೆ. ಅಲ್ಲಿಗೆ ಆ ಶಬ್ದದ ವಿಚಾರ ಮುಗಿಯುತ್ತದೆ. ವ್ಯವಹಾರಕ್ಕೆ ಇಷ್ಟು ಸಾಕು. ಸಾಹಿತ್ಯವನ್ನು ಓದಿ ಅದರ ಗುಣದೋಷಗಳನ್ನು ವಿವೇಚಿಸುವ ಹವ್ಯಾಸವುಳ್ಳವರಿಗೆ ಇಷ್ಟು ಸಾಲದು. ಏಕೆಂದರೆ ‘ರೀಡ್’ ಮತ್ತು ‘ಓದು’ ಎಂಬ ಎರಡು ಮಾತುಗಳು ಇಂದು ಒಂದೇ ಬಾಗಿಲಲ್ಲಿ ನಿಂತಿದ್ದರೂ ಅವು ಬಂದ ದಾರಿಗಳು ಬೇರೆಬೇರೆ. ಒಂದು, ಅರ್ಥವನ್ನು ಬಿಡಿಸುವ ಕೆಲಸದಿಂದ ಹೊರಟು ಅಕ್ಷರಕ್ಕೆ ಬಂದಿತು. ಇನ್ನೊಂದು, ಬಾಯಿಬಿಟ್ಟು ಉಚ್ಚರಿಸುವ ಕೆಲಸದಿಂದ ಹೊರಟು ಅಕ್ಷರಕ್ಕೆ ಬಂದಿತು. ಈ ಭೇದವನ್ನು ಅರಿತರೆ ಓದು ಎಂಬುದು ಏನು, ವಿಮರ್ಶೆ ಎಂಬುದು ಅದರಿಂದ ಎಷ್ಟು ದೂರದ್ದು ಎಂಬ ಪ್ರಶ್ನೆಯ ಮೇಲೆ ಒಂದಿಷ್ಟು ಬೆಳಕು ಬೀಳುತ್ತದೆ.

೧

ಹಳೆಯ ಇಂಗ್ಲಿಷಿನಲ್ಲಿ, ಎಂದರೆ ೧೦೬೬ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಮುಂಚೆ ಅಲ್ಲಿದ್ದ ಆಂಗ್ಲೋ-ಸ್ಯಾಕ್ಸನರ ಭಾಷೆಯಲ್ಲಿ, ಈ ಶಬ್ದದ ರೂಪ ‘ರ‍್ಯಾಡನ್’. ಬುದ್ಧಿ ಹೇಳುವುದು, ಮಂತ್ರಾಲೋಚನೆ ಮಾಡುವುದು, ಆಳುವುದು, ಊಹಿಸುವುದು, ಕನಸಿನ ಅಥವಾ ಒಗಟಿನ ಅರ್ಥವನ್ನು ಬಿಡಿಸುವುದು ಎಂಬ ಅರ್ಥಗಳೆಲ್ಲ ಇದಕ್ಕಿದ್ದವು. ಬರೆಹವನ್ನು ಓದುವುದೆಂಬ ಅರ್ಥ ಈ ಪಂಕ್ತಿಯಲ್ಲಿ ಕಡೆಗೆ ಬಂದು ಕುಳಿತದ್ದು. ಇದಕ್ಕೆ ಸಾಕ್ಷಿಯಾಗಿ ಇಂಗ್ಲಿಷಿನ ಸೋದರ ಭಾಷೆಗಳನ್ನು ನೋಡಬಹುದು. ಜರ್ಮನ್ ಭಾಷೆಯಲ್ಲಿ ಇದೇ ಧಾತುವಿನಿಂದ ಬಂದ ‘ರಾಟನ್’ ಎಂಬ ಕ್ರಿಯಾಪದಕ್ಕೆ ಇಂದಿಗೂ ಬುದ್ಧಿ ಹೇಳು, ಊಹಿಸು ಎಂಬ ಎರಡು ಅರ್ಥಗಳುಂಟು. ಓದು ಎಂಬ ಅರ್ಥ ಇಲ್ಲ. ಡಚ್ ಭಾಷೆಯ ‘ರಾಡನ್’ ಶಬ್ದದ ಸ್ಥಿತಿಯೂ ಹೀಗೆಯೇ. ಜರ್ಮನರ ಊರುಗಳಲ್ಲಿ ಪುರಸಭೆಯ ಕಟ್ಟಡಕ್ಕೆ ‘ರಾಟ್‌ಹೌಸ್’ ಎಂದು ಹೆಸರು; ಎಂದರೆ ಆಲೋಚನೆಯ ಮನೆ. ಭಾಷಾಶಾಸ್ತ್ರಜ್ಞರು ಈ ಧಾತುವನ್ನು, ಸಾಧಿಸು ಎಂಬ ಅರ್ಥವುಳ್ಳ ಸಂಸ್ಕೃತದ ‘ರಾಧ್’ ಧಾತುವಿನೊಡನೆ ಹೋಲಿಸುತ್ತಾರೆ. ಆ ಹೋಲಿಕೆಯನ್ನು ಒಪ್ಪಿದರೆ, ನಮ್ಮ ‘ಆರಾಧನೆ’ಗೂ ಇಂಗ್ಲಿಷರ ‘ರೀಡ್’ ಶಬ್ದಕ್ಕೂ ದೂರದ ದಾಯಾದಿತನ ಉಂಟೆನ್ನಬೇಕು.

ಇದರ ನಾಮಪದವಾದ ‘ರ‍್ಯಾಡ್’ ಎಂಬುದಕ್ಕೆ ಹಿತವಚನ, ಮಂತ್ರಾಲೋಚನೆ ಎಂದು ಅರ್ಥ. ಆ ಜನರ ಹೆಸರುಗಳಲ್ಲಿ ಇದು ಪದೇಪದೇ ಕಾಣುತ್ತದೆ. ೮೭೧ರಿಂದ ೮೯೯ರವರೆಗೆ ಆಳಿದ ಪ್ರಸಿದ್ಧನಾದ ಆಲ್ಫ್ರೆಡ್ ದೊರೆಯ ಹೆಸರಿನ ಉತ್ತರಾರ್ಧ ಇದೇ. ಯಕ್ಷರ ಬುದ್ಧಿವಾದವನ್ನು ಪಡೆದವನು ಎಂದು ಅದರ ತಾತ್ಪರ್ಯ. ಇನ್ನೊಬ್ಬ ದೊರೆಯಾದ ಎಥೆಲ್‌ರೆಡ್ಡನ ಕಥೆ ಇನ್ನೂ ಸ್ವಾರಸ್ಯವಾದದ್ದು. ಇವನು ಪಟ್ಟವೇರಿದ್ದು ೯೭೮ರಲ್ಲಿ, ತೀರಿಕೊಂಡದ್ದು ೧೦೧೬ರಲ್ಲಿ. ಡೇನರ ಹಾವಳಿಯಿಂದ ರಾಜ್ಯ ತತ್ತರಿಸಿದ ಕಾಲ ಅದು. ಎಥೆಲ್‌ರೆಡ್ ಎಂದರೆ ಶ್ರೇಷ್ಠವಾದ ಆಲೋಚನೆಯುಳ್ಳವನು. ಅವನ ಮರಣಾನಂತರ ಬಹುಕಾಲಕ್ಕೆ ಯಾರೋ ಚತುರರು ಈ ಹೆಸರಿನ ಪಕ್ಕದಲ್ಲಿ ‘ಅನ್‌ರ‍್ಯಾಡ್’ ಎಂಬ ಬಿರುದನ್ನು ಇಟ್ಟರು, ಎಂದರೆ ಆಲೋಚನೆಗೇಡಿ. ‘ಸುಮಂತ್ರನೆಂಬ ದುರ್ಮಂತ್ರ’ ಎಂದು ನಾವು ಹೇಳಿದರೆ ಹೇಗೋ ಹಾಗೆ. ಮುಂದೆ ‘ರ‍್ಯಾಡ್’ ಎಂಬ ಮಾತು ಜನರ ಬಳಕೆಯಿಂದ ಜಾರಿದ ಮೇಲೆ, ಈ ಶ್ಲೇಷೆ ತಿಳಿಯದವರು ಬಿರುದನ್ನು ‘ಅನ್‌ರೆಡಿ’ ಎಂದು ಮಾಡಿದರು. ‘ರೆಡಿ’ ಎಂಬುದು ಬೇರೆಯ ಶಬ್ದ. ಸಿದ್ಧವಾಗಿರುವುದೆಂದು ಅದರ ಅರ್ಥ. ಹೀಗೆ ಕೆಟ್ಟ ಆಲೋಚನೆಗೆ ಕಿವಿಗೊಟ್ಟ ದೊರೆ, ಚರಿತ್ರೆಯ ಪುಸ್ತಕಗಳಲ್ಲಿ ಸಿದ್ಧತೆಯಿಲ್ಲದ ದೊರೆಯಾಗಿ ನಿಂತುಬಿಟ್ಟ. ಓದುವುದೆಂಬ ಮಾತನ್ನೇ ತಪ್ಪಾಗಿ ಓದಿದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

೨

ಬುದ್ಧಿ ಹೇಳುವ ಮಾತು ಓದುವ ಮಾತಾದದ್ದು ಹೇಗೆ? ಇದನ್ನು ಅರಿಯಬೇಕಾದರೆ, ಅಕ್ಷರವೆಂಬುದು ಆ ಜನಕ್ಕೆ ಮೊದಮೊದಲು ಹೇಗೆ ಕಂಡಿತೆಂಬುದನ್ನು ನೆನೆಯಬೇಕು. ಜರ್ಮಾನಿಕ್ ಬುಡಕಟ್ಟುಗಳ ಪ್ರಾಚೀನ ಲಿಪಿಗೆ ರೂನ್ ಎಂದು ಹೆಸರು. ‘ರೂನ್’ ಎಂಬ ಶಬ್ದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಗುಟ್ಟು, ರಹಸ್ಯಾಲೋಚನೆ ಎಂಬ ಅರ್ಥಗಳುಂಟು. ಮರದ ಮೇಲೆ, ಮೂಳೆಯ ಮೇಲೆ, ಕಲ್ಲಿನ ಮೇಲೆ ಕೊರೆದ ಗೆರೆಗಳು ಅವು. ‘ರೈಟ್’ ಎಂಬ, ಬರೆಯುವುದಕ್ಕೆ ಇರುವ ಇಂಗ್ಲಿಷ್ ಕ್ರಿಯಾಪದದ ಮೂಲಾರ್ಥವೂ ಗೀರು, ಕೊರೆ ಎಂಬುದೇ. ಹೀಗೆ ಒಬ್ಬನು ಗುಟ್ಟನ್ನು ಗೀರಿ ಇಡುತ್ತಾನೆ. ಇನ್ನೊಬ್ಬನು ಆ ಗೀರುಗಳನ್ನು ನೋಡಿ ಗುಟ್ಟೇನೆಂದು ಬಿಡಿಸುತ್ತಾನೆ. ಅಂಥವನ ಕೆಲಸಕ್ಕೆ ‘ರ‍್ಯಾಡನ್’ ಎಂಬ ಮಾತು ತಕ್ಕದ್ದಾಗಿಯೇ ಒದಗಿತು. ಸ್ಕಾಂಡಿನೇವಿಯದ ಹಳೆಯ ಶಿಲಾಶಾಸನಗಳಲ್ಲಿಯೂ ರೂನುಗಳನ್ನು ಬಿಡಿಸುವುದಕ್ಕೆ ಇದೇ ಧಾತುವಿನ ಪ್ರಯೋಗ ಕಂಡುಬರುತ್ತದೆ.

ಆದರೆ ಸೋದರ ಭಾಷೆಗಳು ಮುಂದೆ ಬೇರೆಯ ದಾರಿಯನ್ನು ಹಿಡಿದವು. ಲ್ಯಾಟಿನ್ ಭಾಷೆಯಲ್ಲಿ ಓದುವುದಕ್ಕೆ ‘ಲೆಗೆರೆ’ ಎಂದು ಹೆಸರು; ಅದರ ಮೊದಲ ಅರ್ಥ ಆಯುವುದು, ಕೂಡಿಸುವುದು. ಜರ್ಮನರ ‘ಲೇಸನ್’, ಡಚ್ಚರ ‘ಲೇಜನ್’, ಸ್ವೀಡನ್ನಿನವರ ‘ಲೇಸ’ ಇವುಗಳ ಮೂಲಾರ್ಥವೂ ಆಯುವುದೇ. ಇಂಗ್ಲಿಷಿನಲ್ಲಿಯೂ ಈ ಧಾತು ಇತ್ತು. ಆದರೆ ಅದು ಪುಸ್ತಕದ ಕಡೆಗೆ ಬಾರದೆ ಹೊಲದಲ್ಲಿಯೇ ಉಳಿದು, ಕೊಯ್ಲಾದ ಮೇಲೆ ಹಕ್ಕಲಾಯುವುದು ಎಂಬರ್ಥದಲ್ಲಿ ಗ್ರಾಮ್ಯಪ್ರಯೋಗವಾಗಿ ಬಾಳಿತು. ಗ್ರೀಕರು ಓದುವುದನ್ನು ‘ಮತ್ತೆ ಗುರುತಿಸುವುದು’ ಎಂಬ ಅರ್ಥದ ಮಾತಿನಿಂದ ಕರೆದರು. ಹೀಗೆ ಯೂರೋಪಿನ ದೊಡ್ಡ ಭಾಷೆಗಳಲ್ಲಿ ಹಲವಕ್ಕೆ ಓದೆಂದರೆ ಆಯುವುದು, ಗ್ರೀಕಿಗೆ ಗುರುತಿಸುವುದು. ಇಂಗ್ಲಿಷಿಗೆ ಮಾತ್ರ ಬಿಡಿಸುವುದು.

ಆಯುವುದೂ ಬಿಡಿಸುವುದೂ ಒಂದಕ್ಕೊಂದು ದೂರವಾದ ಕೆಲಸಗಳಲ್ಲ. ರೋಮಿನ ಚರಿತ್ರಕಾರನಾದ ಟ್ಯಾಸಿಟಸ್ ಕ್ರಿ. ಶ. ೯೮ರ ಸುಮಾರಿನಲ್ಲಿ ಜರ್ಮಾನಿಕ್ ಜನರನ್ನು ಕುರಿತು ಬರೆದ ಗ್ರಂಥದಲ್ಲಿ ಅವರ ಶಕುನದ ಪದ್ಧತಿಯೊಂದನ್ನು ವರ್ಣಿಸಿದ್ದಾನೆ. ಹಣ್ಣಿನ ಮರದ ಕೊಂಬೆಯನ್ನು ಕಡಿದು ಚೂರುಮಾಡಿ, ಆ ಚೂರುಗಳಿಗೆ ಗುರುತು ಹಾಕಿ, ಬಿಳಿಯ ಬಟ್ಟೆಯ ಮೇಲೆ ಎರಚುವರು. ಪುರೋಹಿತನಾಗಲಿ ಮನೆಯ ಯಜಮಾನನಾಗಲಿ ದೇವರನ್ನು ಪ್ರಾರ್ಥಿಸಿ, ಆಕಾಶದ ಕಡೆ ಮುಖಮಾಡಿ, ಮೂರು ಚೂರುಗಳನ್ನು ಎತ್ತಿಕೊಂಡು, ಅವುಗಳ ಮೇಲಣ ಗುರುತಿನಂತೆ ಫಲ ಹೇಳುವನು. ನಮ್ಮಲ್ಲಿ ಕವಡೆ ಹಾಕಿ ಫಲ ಹೇಳುವವರನ್ನು ಕಂಡವರಿಗೆ ಇದು ಹೊಸದಲ್ಲ. ಇಲ್ಲಿ ಆಯುವುದು ಮೊದಲ ಹೆಜ್ಜೆ, ಬಿಡಿಸುವುದು ಎರಡನೆಯ ಹೆಜ್ಜೆ. ಈ ಆಚಾರದಿಂದಲೇ ಆ ಶಬ್ದಗಳು ಹುಟ್ಟಿದವೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಓದೆಂಬ ಒಂದೇ ಕೆಲಸದಲ್ಲಿ ಈ ಎರಡು ಅಂಗಗಳಿವೆಯೆಂಬುದಕ್ಕೆ ಇದು ಒಳ್ಳೆಯ ಚಿತ್ರ. ಅಕ್ಷರವನ್ನು, ಮಾತನ್ನು, ವಾಕ್ಯವನ್ನು ಬಿಡದೆ ಆಯ್ದುಕೊಳ್ಳಬೇಕು. ಆಯ್ದುಕೊಂಡದ್ದರ ಅರ್ಥವನ್ನು ಬಿಡಿಸಬೇಕು.

೩

‘ರ‍್ಯಾಡನ್’ ಎಂಬ ತಾಯಿಗೆ ಹುಟ್ಟಿದ ಮಗಳು ‘ರಿಡ್ಲ್’. ಒಗಟಿಗೆ ಇಂಗ್ಲಿಷಿನಲ್ಲಿ ಇದೇ ಹೆಸರು. ಹಳೆಯ ರೂಪ ‘ರ‍್ಯಾಡೆಲ್ಸ್’. ಕೊನೆಯ ಸಕಾರ ಶಬ್ದದ ಅಂಗವೇ ಆಗಿದ್ದರೂ, ಅದನ್ನು ಬಹುವಚನದ ಪ್ರತ್ಯಯವೆಂದು ಭ್ರಮಿಸಿ ಜನರು ಕತ್ತರಿಸಿಬಿಟ್ಟರು. ಜರ್ಮನ್ ಭಾಷೆಯ ‘ರೇಟ್ಸೆಲ್’ ಶಬ್ದದಲ್ಲಿ ಆ ಸಕಾರ ಇನ್ನೂ ಉಳಿದಿದೆ. ಓದು ಮತ್ತು ಒಗಟು ಒಂದೇ ಮನೆಯವೆಂಬುದು ಇಂದಿನ ಇಂಗ್ಲಿಷರಿಗೂ ಸಾಮಾನ್ಯವಾಗಿ ತೋರುವುದಿಲ್ಲ.

ಆಂಗ್ಲೋ-ಸ್ಯಾಕ್ಸನರಿಗೆ ಒಗಟಿನಲ್ಲಿ ಬಹಳ ಅಕ್ಕರೆ. ಹತ್ತನೆಯ ಶತಮಾನದಲ್ಲಿ ಬರೆದ ಒಂದು ದೊಡ್ಡ ಹಸ್ತಪ್ರತಿ ಇಂಗ್ಲೆಂಡಿನ ಎಕ್ಸಿಟರ್ ಕತೀಡ್ರಲಿನಲ್ಲಿದೆ. ೧೦೭೨ರಲ್ಲಿ ತೀರಿಕೊಂಡ ಬಿಷಪ್ ಲಿಯೋಫ್ರಿಕ್ ಅದನ್ನು ಆ ದೇವಾಲಯಕ್ಕೆ ಕೊಟ್ಟದ್ದು. ಅದರಲ್ಲಿ ತೊಂಬತ್ತಕ್ಕೂ ಮೇಲ್ಪಟ್ಟು ಪದ್ಯರೂಪದ ಒಗಟುಗಳಿವೆ. ಗಾಳಿ, ಮಂಜುಗೆಡ್ಡೆ, ನೇಗಿಲು, ಲೇಖನಿ, ಗ್ರಂಥ ಹೀಗೆ ವಸ್ತುಗಳು ನಾನಾ ಬಗೆ. ಅವುಗಳಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು. ಬರೆಹವನ್ನು ಕದ್ದು ಮೇಯುವ ನುಸಿಯ ಸೋಜಿಗ ಅದರ ವಸ್ತು. ಯಾರೋ ಜ್ಞಾನಿಯ ಗಂಭೀರವಾದ ಮಾತೆಲ್ಲ ಅದರ ಹೊಟ್ಟೆಗೆ ಸೇರಿದರೂ ಅದರ ಬುದ್ಧಿ ಎಳ್ಳಷ್ಟೂ ಬೆಳೆಯಲಿಲ್ಲವೆಂಬುದು ಅದರ ಕೊಂಕು. ಸಿಂಫೋಸಿಯಸ್ ಎಂಬಾತನ ಪುಟ್ಟ ಲ್ಯಾಟಿನ್ ಒಗಟೊಂದು ಇದಕ್ಕೆ ಮೂಲ. ಪುಸ್ತಕದ ಹುಳು ಎಂದು ನಾವೂ ಹಾಸ್ಯಮಾಡುತ್ತೇವೆ. ಆದರೆ ನಮ್ಮ ಹಾಸ್ಯ ಅತಿಯಾಗಿ ಓದುವವನ ಮೇಲೆ. ಈ ಹಳೆಯ ಕವಿಯ ಹಾಸ್ಯ, ನುಂಗಿಯೂ ಓದದವನ ಮೇಲೆ. ಕಣ್ಣಿನಿಂದಾಗಲಿ ಬಾಯಿಂದಾಗಲಿ ಅಕ್ಷರಗಳನ್ನು ಸಾಗಿಸಿದ ಮಾತ್ರಕ್ಕೆ ಓದಾಗಲಿಲ್ಲ. ಒಗಟು ಬಿಡಿಸಿದಾಗಲೇ ಓದು. ‘ರ‍್ಯಾಡನ್’ ಎಂಬ ಕ್ರಿಯಾಪದದ ವ್ಯಾಖ್ಯಾನವೇ ಈ ಪದ್ಯವೆಂದರೆ ಸಲ್ಲುತ್ತದೆ.

ಕಾಲಕ್ರಮದಲ್ಲಿ ಈ ಶಬ್ದದ ವಿಸ್ತಾರ ಕುಗ್ಗಿತು. ಆಲ್ಫ್ರೆಡ್ ದೊರೆ ತಾನು ಇಂಗ್ಲಿಷಿಗೆ ತಂದ ಗ್ರೆಗರಿ ಪೋಪನ ಗ್ರಂಥದ ಮುನ್ನುಡಿಯಲ್ಲಿ, ಅನುಕೂಲವುಳ್ಳ ಸ್ವತಂತ್ರ ಕುಲದ ಬಾಲಕರೆಲ್ಲರೂ ಇಂಗ್ಲಿಷ್ ಬರೆಹವನ್ನು ಚೆನ್ನಾಗಿ ಓದಬಲ್ಲವರಾಗುವವರೆಗೆ ವಿದ್ಯೆಯಲ್ಲಿ ತೊಡಗಬೇಕೆಂದು ಆಶಿಸಿದ್ದಾನೆ. ಅಲ್ಲಿ ಅವನು ಬಳಸಿರುವುದು ಈ ಧಾತುವನ್ನೇ. ಗುಟ್ಟು ಬಿಡಿಸುವ ಕೆಲವರ ವಿದ್ಯೆ ಬಾಲಕರ ವಿದ್ಯೆಯಾಗುವುದಕ್ಕೆ ಹೀಗೆ ಮೊದಲಾಯಿತು. ನಾರ್ಮನರು ಬಂದಮೇಲೆ ಫ್ರೆಂಚ್ ಮತ್ತು ಲ್ಯಾಟಿನ್ ಶಬ್ದಗಳು ಹೊಳೆಯಾಗಿ ಹರಿದವು. ಬುದ್ಧಿ ಹೇಳುವುದಕ್ಕೆ ‘ಅಡ್ವೈಸ್’, ಅರ್ಥ ಹೇಳುವುದಕ್ಕೆ ‘ಇಂಟರ್‌ಪ್ರೆಟ್’ ಎಂಬ ಮಾತುಗಳು ನಿಂತವು. ಹಿತವಚನವೆಂಬ ಹಳೆಯ ಅರ್ಥ ಕವಿಗಳ ಬಳಕೆಯಲ್ಲಿಯೂ ಸ್ಕಾಟ್ಲೆಂಡಿನ ಆಡುಮಾತಿನಲ್ಲಿಯೂ ಕೆಲಕಾಲ ಉಸಿರಾಡಿತು. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದಲ್ಲಿ ಒಫೀಲಿಯಾ ತನ್ನ ಅಣ್ಣನ ಬುದ್ಧಿವಾದಕ್ಕೆ ಉತ್ತರ ಕೊಡುವಾಗ ಆ ನಾಮಪದವನ್ನು ನುಡಿಯುತ್ತಾಳೆ. ಹದಿನೆಂಟನೆಯ ಶತಮಾನದ ರಾಬರ್ಟ್ ಬರ್ನ್ಸ್ ಕವಿಯಲ್ಲಿಯೂ ಅದು ದೊರೆಯುತ್ತದೆ. ಆಮೇಲೆ ಅದು ಪ್ರಾಚೀನಪ್ರಯೋಗವಾಗಿ ನಿಘಂಟಿಗೆ ಸರಿದುಹೋಯಿತು.

ಆದರೆ ಅರ್ಥ ಬಿಡಿಸುವುದೆಂಬ ಅಂಶ ಸಾಯಲಿಲ್ಲ. ಇಂಗ್ಲಿಷರು ಇಂದಿಗೂ ಮುಖವನ್ನು ‘ಓದುತ್ತಾರೆ’, ಅಂಗೈಯನ್ನು ‘ಓದುತ್ತಾರೆ’, ಆಕಾಶವನ್ನು ‘ಓದುತ್ತಾರೆ’, ಉಷ್ಣಮಾಪಕವನ್ನು ‘ಓದುತ್ತಾರೆ’. ಇವೆಲ್ಲ ಪುಸ್ತಕದ ಓದಿನಿಂದ ಹುಟ್ಟಿದ ಅಲಂಕಾರವೆಂದು ನಾವು ಭಾವಿಸುತ್ತೇವೆ. ಒಂದೊಂದು ಪ್ರಯೋಗವೂ ಪ್ರಾಚೀನವೆಂದು ಹೇಳಲಾಗದಿದ್ದರೂ, ಗುರುತನ್ನು ನೋಡಿ ಅರ್ಥ ಹೇಳುವುದೇ ಈ ಶಬ್ದದ ಹುಟ್ಟುಗುಣ. ಪುಸ್ತಕವೇ ಅದಕ್ಕೆ ತಡವಾಗಿ ಬಂದ ವಿಷಯ. ಒಂದು ಕವಿತೆಗೆ ವಿಮರ್ಶಕನು ಹೇಳುವ ಅರ್ಥವನ್ನೂ ಇಂಗ್ಲಿಷಿನಲ್ಲಿ ‘ಎ ರೀಡಿಂಗ್’ ಎನ್ನುತ್ತಾರೆ. ವಿಮರ್ಶೆಯನ್ನು ಓದಿನ ಹೆಸರಿನಿಂದಲೇ ಕರೆಯುವ ಈ ರೂಢಿ ಗಮನಿಸತಕ್ಕದ್ದು.

೪

ಇನ್ನು ನಮ್ಮ ‘ಓದು’ ಶಬ್ದವನ್ನು ನೋಡೋಣ. ಇದು ದ್ರಾವಿಡ ಧಾತು. ತಮಿಳು ಮಲೆಯಾಳಗಳಲ್ಲಿಯೂ ಉಂಟು. ಉಚ್ಚರಿಸುವುದು, ಬಾಯಿಪಾಠವಾಗಿ ಹೇಳುವುದು, ಪಠಿಸುವುದು ಎಂಬ ಅರ್ಥಗಳು ಇದರಲ್ಲಿ ಹೊಕ್ಕಿವೆ. ಸಂಸ್ಕೃತದಿಂದ ಬಂದ ‘ಪಠಿಸು’, ‘ವಾಚಿಸು’ ಎಂಬವೂ ಧ್ವನಿಗೆ ಸೇರಿದವುಗಳೇ, ವಾಚನವೆಂದರೆ ನುಡಿಸುವುದು. ಎಲ್ಲಿ ಇಂಗ್ಲಿಷರು ‘ರೀಡ್’ ಎನ್ನುವರೋ ಅಲ್ಲಿ ನಾವು ಕೈ ನೋಡುತ್ತೇವೆ, ಮುಖ ನೋಡಿ ತಿಳಿಯುತ್ತೇವೆ, ಕನಸಿನ ಫಲ ಹೇಳುತ್ತೇವೆ, ಒಗಟು ಬಿಡಿಸುತ್ತೇವೆ. ನಮ್ಮ ಓದು ನಾಲಗೆಯಿಂದ ಹೊರಟದ್ದು. ಕಿವಿ ಅದರ ಜೊತೆಗಾರ.

ಇದರಿಂದ ನಮ್ಮ ಹಿರಿಯರು ಅರ್ಥವನ್ನು ಅಲಕ್ಷ್ಯ ಮಾಡಿದರೆಂದು ಯಾರೂ ತಿಳಿಯಬಾರದು. ನಮ್ಮಲ್ಲಿ ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ಓದಿಸುವ ಸಂಪ್ರದಾಯವನ್ನು ನೆನೆದರೆ ಸಾಕು. ಗಮಕಿ ರಾಗವಾಗಿ ಪದ್ಯವನ್ನು ಓದುತ್ತಾನೆ; ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರ ಅದರ ಅರ್ಥವನ್ನು ಬಿಡಿಸುತ್ತಾನೆ. ಇಂಗ್ಲಿಷಿನ ಒಂದು ಹಳೆಯ ಶಬ್ದದಲ್ಲಿ ಅಡಗಿದ್ದ ಎರಡು ಕೆಲಸಗಳನ್ನು ನಮ್ಮವರು ಇಬ್ಬರಿಗೆ ಹಂಚಿದರು. ಆದರೆ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದರು. ಗಮಕಿಯ ಕಂಠವಿಲ್ಲದೆ ವ್ಯಾಖ್ಯಾನ ಒಣಗುತ್ತದೆ, ವ್ಯಾಖ್ಯಾನವಿಲ್ಲದೆ ಬರಿಯ ಕಂಠ ತೇಲಿಹೋಗುತ್ತದೆ ಎಂಬುದು ಕೇಳುವ ಹಳ್ಳಿಗನಿಗೂ ತಿಳಿದಿತ್ತು.

ಆಧುನಿಕ ವಿದ್ಯಾಭ್ಯಾಸದಲ್ಲಿ ಆದ ನಷ್ಟ ಇಲ್ಲಿಯೇ. ‘ರೀಡ್’ ಶಬ್ದಕ್ಕೆ ‘ಓದು’ ಎಂದು ಭಾಷಾಂತರವಾಯಿತು. ಆದರೆ ಇಂಗ್ಲಿಷಿನಿಂದ ಬಿಡಿಸುವ ಅಂಶ ಬರಲಿಲ್ಲ, ಕನ್ನಡದ ಕಂಠವೂ ಉಳಿಯಲಿಲ್ಲ. ಪದ್ಯವನ್ನು ಗಟ್ಟಿಯಾಗಿ ಓದಿಸುವ ಅಭ್ಯಾಸ ತರಗತಿಗಳಲ್ಲಿ ಕಡಮೆಯಾಯಿತು. ಅರ್ಥವನ್ನು ಬಿಡಿಸುವ ಹೊಣೆಯನ್ನು ಮಾರಾಟದ ಕೈಪಿಡಿಗಳು ಹೊತ್ತವು. ಒಗಟಿನ ಉತ್ತರವನ್ನು ಮೊದಲೇ ಕೊಟ್ಟು, ಒಗಟನ್ನು ಕೇಳದೆಯೇ ಬಾಯಿಪಾಠ ಮಾಡಿಸಿದಂತಾಯಿತು. ಹೀಗೆ ಕಲಿತ ವಿದ್ಯಾರ್ಥಿ ಪುಟಪುಟಗಳನ್ನು ತಿಂದಿದ್ದಾನೆ. ಎಕ್ಸಿಟರ್ ಹಸ್ತಪ್ರತಿಯ ನುಸಿಗಿಂತ ಅವನ ಸ್ಥಿತಿ ಬಹಳ ಮೇಲೆಂದು ಹೇಳುವುದು ಕಷ್ಟ.

ಈ ದೋಷ ನಮ್ಮದೊಂದೇ ಅಲ್ಲವೆಂಬುದಕ್ಕೆ ಇಂಗ್ಲೆಂಡಿನಲ್ಲಿಯೇ ಪ್ರಮಾಣವುಂಟು. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಐ. ಎ. ರಿಚರ್ಡ್ಸ್ ತಮ್ಮ ವಿದ್ಯಾರ್ಥಿಗಳಿಗೆ, ಕವಿಯ ಹೆಸರನ್ನು ತೋರಿಸದೆ, ಕೆಲವು ಕವಿತೆಗಳನ್ನು ಕೊಟ್ಟು ಅಭಿಪ್ರಾಯ ಬರೆಯಹೇಳಿದರು. ಬಂದ ಬರೆಹಗಳನ್ನು ವಿವೇಚಿಸಿ ೧೯೨೯ರಲ್ಲಿ ‘ಪ್ರ್ಯಾಕ್ಟಿಕಲ್ ಕ್ರಿಟಿಸಿಸಂ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಇಂಗ್ಲಿಷ್ ಸಾಹಿತ್ಯವನ್ನೇ ಆರಿಸಿಕೊಂಡಿದ್ದ ಆ ತರುಣರಲ್ಲಿ ಅನೇಕರು ಪದ್ಯದ ಸರಳವಾದ ವಾಚ್ಯಾರ್ಥವನ್ನೇ ಹಿಡಿಯಲಾರದೆ ಹೋದರು. ಕೆಲವರು ಪದ್ಯದಲ್ಲಿಲ್ಲದ ತಮ್ಮ ನೆನಪುಗಳನ್ನು ಅದರೊಳಕ್ಕೆ ತುರುಕಿದರು; ಕೆಲವರು ಸಿದ್ಧವಾದ ಭಾವಗಳನ್ನು ಅದರ ಮೇಲೆ ಹೊದಿಸಿದರು; ಕೆಲವರು ತಮ್ಮ ಮತಕ್ಕೆ ಒಪ್ಪುವುದೋ ಇಲ್ಲವೋ ಎಂದು ಮಾತ್ರ ನೋಡಿದರು. ಆಧುನಿಕ ಇಂಗ್ಲಿಷ್ ವಿಮರ್ಶೆಯ ಒಂದು ದೊಡ್ಡ ಮಾರ್ಗವೇ ಈ ಪ್ರಯೋಗದಿಂದ ಹೊರಟಿತು. ಹಳೆಯ ‘ರ‍್ಯಾಡನ್’ ಶಬ್ದದ ಕೆಲಸವನ್ನು ಮತ್ತೆ ಮೊದಲಿನಿಂದ ಕಲಿಸಬೇಕಾಗಿ ಬಂದಿತೆಂಬುದೇ ಇದರ ಸಾರ.

೫

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಓದೆಂದರೆ ಒಗಟು ಬಿಡಿಸುವುದೆಂದಮೇಲೆ, ತೋಚಿದ್ದನ್ನೆಲ್ಲ ಅರ್ಥವೆಂದು ಹೇಳಲು ಎಡೆಕೊಟ್ಟಂತಾಗಲಿಲ್ಲವೆ? ಜರ್ಮನರ ‘ರಾಟನ್’ ಶಬ್ದಕ್ಕೆ ಊಹಿಸು ಎಂಬ ಅರ್ಥವೂ ಉಂಟಷ್ಟೆ! ನಮ್ಮ ಪತ್ರಿಕೆಗಳಲ್ಲಿ ಕಾಣುವ ಕೆಲವು ವಿಮರ್ಶೆಗಳು ಬರಿಯ ಊಹೆಗಳಲ್ಲವೆ? ಅಹುದು, ಈ ಅಪಾಯ ಶಬ್ದದೊಳಗೇ ಇದೆ. ಆದರೆ ಅದಕ್ಕೆ ಮದ್ದೂ ಅಲ್ಲಿಯೇ ಇದೆ. ಒಗಟಿಗೆ ತೋಚಿದ ಉತ್ತರವೆಲ್ಲ ಸಲ್ಲುವುದಿಲ್ಲ. ಹೇಳಿದ ಉತ್ತರ ಒಗಟಿನ ಒಂದೊಂದು ಮಾತಿಗೂ ಹೊಂದಬೇಕು. ಒಂದು ಮಾತು ಹೊರಗುಳಿದರೂ ‘ಅದಲ್ಲ’ ಎಂದು ಕೇಳಿದವಳು ತಲೆಯಲ್ಲಾಡಿಸುತ್ತಾಳೆ. ಅಜ್ಜಿಯ ಮುಂದೆ ಕುಳಿತ ಮಕ್ಕಳಿಗೆ ತಿಳಿದಿರುವ ಈ ನಿಯಮವನ್ನು ಕವಿತೆಯ ಮುಂದೆ ಕುಳಿತ ವಿಮರ್ಶಕರು ಎಷ್ಟೋ ವೇಳೆ ಮರೆಯುತ್ತಾರೆ. ಕವಿಯ ಎರಡು ಪದ್ಯಗಳಿಗೆ ಹೊಂದುವ, ಮೂರನೆಯದಕ್ಕೆ ವಿರುದ್ಧವಾಗುವ ಅಭಿಪ್ರಾಯವನ್ನು ಧೈರ್ಯವಾಗಿ ಪ್ರಕಟಿಸಿ, ಮೂರನೆಯ ಪದ್ಯವನ್ನು ಉದಾಹರಿಸದೆ ಬಿಡುತ್ತಾರೆ. ಇದು ಆಯುವ ಕೆಲಸದಲ್ಲಿ ಆದ ಲೋಪ.

ಎಕ್ಸಿಟರ್ ಹಸ್ತಪ್ರತಿಯಲ್ಲಿ ಒಗಟುಗಳ ಉತ್ತರಗಳನ್ನು ಬರೆದಿಲ್ಲ. ಅನೇಕಕ್ಕೆ ವಿದ್ವಾಂಸರೆಲ್ಲ ಒಪ್ಪಿದ ಉತ್ತರ ದೊರೆತಿದೆ; ಕೆಲವಕ್ಕೆ ಇಂದಿಗೂ ವಾದ ನಡೆದಿದೆ. ವಾದವಿದೆಯೆಂದು ಯಾವ ಉತ್ತರವಾದರೂ ಆಗಬಹುದೆಂದು ಯಾರೂ ಹೇಳುವುದಿಲ್ಲ; ಎಲ್ಲ ಮಾತಿಗೂ ಹೊಂದುವ ಉತ್ತರವನ್ನೇ ಎಲ್ಲರೂ ಹುಡುಕುತ್ತಾರೆ. ಒಳ್ಳೆಯ ಕಾವ್ಯದ ವಿಷಯವೂ ಹೀಗೆಯೇ. ಅದಕ್ಕೆ ಎರಡು ಅರ್ಥಗಳು ಹೊಂದಬಹುದು, ಮೂರೂ ಹೊಂದಬಹುದು; ಹೊಂದದ ಅರ್ಥಗಳಿಗೆ ಲೆಕ್ಕವಿಲ್ಲ. ಹೊಂದುವುದನ್ನೂ ಹೊಂದದ್ದನ್ನೂ ಬೇರ್ಪಡಿಸಿ ತೋರಿಸುವುದೇ ವಿಮರ್ಶಕನ ಕೆಲಸ. ಅಷ್ಟನ್ನು ಮಾಡಿದಮೇಲೆ ಅವನು ಕೊಡುವ ಬುದ್ಧಿವಾದ, ‘ಇದನ್ನು ಓದಿರಿ, ಇದನ್ನು ಬಿಡಿರಿ’ ಎಂಬ ಮಾತು, ಕೇಳತಕ್ಕದ್ದಾಗುತ್ತದೆ. ಓದದೆ ಕೊಟ್ಟ ಬುದ್ಧಿವಾದವನ್ನು ಕೇಳಿದವರ ಪಾಡು ಎಥೆಲ್‌ರೆಡ್ ದೊರೆಯ ಪಾಡು.

‘ರೀಡ್’ ಎಂಬುದಕ್ಕೆ ‘ಓದು’ ಎಂಬ ಭಾಷಾಂತರವನ್ನು ಬದಲಾಯಿಸಬೇಕೆಂದು ನಾವು ಹೇಳುತ್ತಿಲ್ಲ. ಅದಕ್ಕಿಂತ ತಕ್ಕ ಮಾತು ನಮ್ಮಲ್ಲಿಲ್ಲ; ಬೇಕಾಗಿಯೂ ಇಲ್ಲ. ಮನೆಯಲ್ಲಿ ಮಕ್ಕಳ ಕೈಗೆ ಪದ್ಯವೊಂದನ್ನು ಕೊಟ್ಟಾಗ ಮೊದಲು ಅದನ್ನು ಗಟ್ಟಿಯಾಗಿ ಓದಿಸೋಣ. ಆಮೇಲೆ ‘ಇದರಲ್ಲಿ ಏನಿದೆ, ಹೇಳು’ ಎಂದು ಕೇಳೋಣ. ಅವರು ಹೇಳಿದ ಉತ್ತರ ಪದ್ಯದ ಪ್ರತಿಯೊಂದು ಮಾತಿಗೂ ಹೊಂದುತ್ತದೆಯೇ ಎಂದು ಅವರೊಡನೆ ಕುಳಿತು ನೋಡೋಣ. ಮೊದಲನೆಯದು ನಮ್ಮ ‘ಓದು’ ಶಬ್ದ ಕಲಿಸುವ ಪಾಠ. ಉಳಿದೆರಡು ಇಂಗ್ಲಿಷಿನ ‘ರೀಡ್’ ಶಬ್ದ ತನ್ನ ಹಳೆಯ ಬಾಳಿನಲ್ಲಿ ಬಲ್ಲದ್ದು. ಮೂರೂ ಸೇರಿದರೆ ಓದು ಪೂರ್ಣವಾಗುತ್ತದೆ.